ಅಜ್ಜಿಯ ಹಾಡು, 4.7 ಜಿಬಿ

ದೀಪಾವಳಿಗೆಂದು ಕಪಾಟು ಒರೆಸುವಾಗ ಒಂದು ಡಿವಿಡಿ ಸಿಕ್ಕಿತು. ಮೇಲೆ ಮಾರ್ಕರಿನಲ್ಲಿ ನನ್ನದೇ ಅಕ್ಷರ: ‘ಅತ್ತೆಯ ಮದುವೆ, 2008’. ಇಷ್ಟು ಈಚಿನದಕ್ಕೂ ಇತಿಹಾಸವೇ ಎಂದು ನಗಬೇಡಿ ಸಖಿಯರೇ. ನನ್ನ ಮಗಳು ಅದನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ, “ಇದೇನಮ್ಮ?” ಎಂದು ಕೇಳಿದಳು.

ನಮ್ಮ ಮನೆಗಳಿಗೆ ಮೊದಲು ಬಂದದ್ದು 1993ರಲ್ಲಿ ರೂಪುಗೊಂಡ ವಿಸಿಡಿ. ಒಂದು ಡಿಸ್ಕಿನಲ್ಲಿ 74 ನಿಮಿಷ. ಸಿನಿಮಾ ಅರ್ಧಕ್ಕೆ ನಿಂತಾಗ ಎದ್ದು ಹೋಗಿ ಎರಡನೆಯದನ್ನು ಹಾಕುತ್ತಿದ್ದದ್ದು ನಿಮಗೂ ನೆನಪಿರಬೇಕು. ಡಿವಿಡಿಯ ಬಗ್ಗೆ ಕಂಪನಿಗಳು ಒಮ್ಮತಕ್ಕೆ ಬಂದದ್ದು 1995ರಲ್ಲಿ. ಮರುವರ್ಷ ನವೆಂಬರಿನಲ್ಲಿ ಜಪಾನಿನಲ್ಲಿ ಪ್ಲೇಯರುಗಳ ಮಾರಾಟ ಶುರುವಾಯಿತು. 2001ರಲ್ಲಿ ಆಪಲ್, ಡಿವಿಡಿ ಬರೆಯುವ ಡ್ರೈವನ್ನೂ ಐಡಿವಿಡಿ ಎಂಬ ತಂತ್ರಾಂಶವನ್ನೂ ಒಟ್ಟಿಗೆ ಕೊಟ್ಟ ಮೇಲೆ ಡಿವಿಡಿ ಮಾಡುವುದು ಮನೆಮಂದಿಯ ಕೆಲಸವೂ ಆಗತೊಡಗಿತು. ನಡುವೆ ಡಿವಿಡಿ ಮೈನಸ್ ಆರ್, ಡಿವಿಡಿ ಪ್ಲಸ್ ಆರ್ ಎಂಬ ಎರಡು ಬಣಗಳ ಜಗಳ ಬೇರೆ.

2008ರಲ್ಲಿ ನಾನು ಬಿ.ಇ. ಕೊನೆಯ ವರ್ಷದಲ್ಲಿದ್ದೆ. ಕಾಕಾ ತೆಗೆದ ಮದುವೆಯ ವಿಡಿಯೋ ನಮ್ಮ ಕಂಪ್ಯೂಟರಿನಲ್ಲಿ ಎವಿಐ ಫೈಲುಗಳಾಗಿ ಕೂತಿತ್ತು. ಧಾರವಾಡದ ಮನೆಯಲ್ಲಿ ಅಜ್ಜಿಗೆ ಅದನ್ನು ಟಿವಿಯಲ್ಲೇ ನೋಡಬೇಕಿತ್ತು. “ಬರ್ನ್ ಮಾಡಿ ಕೊಡ್ತೀನಿ” ಎಂದೆ. ಅದರ ಅರ್ಥವನ್ನು ತಮ್ಮ ಹೇಳಿದಾಗ ಅಜ್ಜಿ ಹೌಹಾರಿದರು: “ಮಂಗಳಕಾರ್ಯದ್ದು ಯಾರರೆ ಸುಡ್ತಾರೇನವ್ವಾ?”

ಫೈಲುಗಳನ್ನು ಹಾಗೇ ಡಿಸ್ಕಿಗೆ ಹಾಕಿದೆ. ಪ್ಲೇಯರು ಓದಲಿಲ್ಲ. ಎವಿಐ ಬರೀ ಡಬ್ಬಿ. ಒಳಗಿರುವುದು ಚಕ್ಕುಲಿಯೋ ಉಪ್ಪಿನಕಾಯಿಯೋ ತೆರೆದರೇ ಗೊತ್ತು. ನಮ್ಮ ಪ್ಲೇಯರಿಗೆ ಡಿವಿಡಿಯ ಕಟ್ಟಳೆಯೇ ಬೇಕು: ಎಂಪೆಗ್-2 ಚಿತ್ರ, ನಮ್ಮ ಪಾಲ್ ಪದ್ಧತಿಯಲ್ಲಿ 720x576 ಅಳತೆ, ಸೆಕೆಂಡಿಗೆ 25 ಚೌಕಟ್ಟು, ಎಲ್ಲವೂ ‘ವಿಡಿಯೋ ಟಿಎಸ್’ ಎಂಬ ಫೋಲ್ಡರಿನಲ್ಲಿ ವಿಒಬಿ, ಐಎಫ್ಒ ಫೈಲುಗಳಾಗಿ. ಡಿವಿಡಿ ಫ್ಲಿಕ್ ಎಂಬ ಉಚಿತ ತಂತ್ರಾಂಶ ಇದನ್ನೆಲ್ಲ ಮಾಡುತ್ತಿತ್ತು. ರಾತ್ರಿ ಹಚ್ಚಿ ಮಲಗಿದರೆ ಬೆಳಗಿಗೆ ಮುಗಿಯುತ್ತಿತ್ತು, ಕರೆಂಟು ಹೋಗದಿದ್ದರೆ.

ನಿಜವಾದ ತೊಡಕು ಜಾಗದ್ದು. ಡಿಸ್ಕ್ 4.7 ಜಿಬಿ; ಕಂಪ್ಯೂಟರಿನ ಲೆಕ್ಕದಲ್ಲಿ 4.38 ಮಾತ್ರ. ಎರಡು ತಾಸಿನ ವಿಡಿಯೋಗೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಸಿಗುತ್ತದೆ, ಚಿತ್ರ ಚೆನ್ನಾಗಿರುತ್ತದೆ. ನಮ್ಮದು ಮೂರೂವರೆ ತಾಸು. ಎಲ್ಲವನ್ನೂ ತುರುಕಿದರೆ ಮುಖಗಳೆಲ್ಲ ಚೌಕ ಚೌಕ. ಕತ್ತರಿಸಲೇಬೇಕಾಯಿತು. ರಿಸೆಪ್ಷನ್ನಿನ ಉಡುಗೊರೆಗಳ ಸಾಲನ್ನು ಉಳಿಸಿಕೊಂಡು, ಅರಿಶಿಣದ ದಿನ ಹೆಂಗಸರು ಹಾಡಿದ ಭಾಗವನ್ನು ತೆಗೆದೆ. ಬಂದ ನೆಂಟರು ತಮ್ಮ ಮುಖ ಹುಡುಕುತ್ತಾರೆ, ಹಾಡು ಯಾರು ಕೇಳುತ್ತಾರೆ ಎಂಬುದು ನನ್ನ ತರ್ಕ.

ಅಜ್ಜಿ ಕೊನೆಯವರೆಗೂ ನೋಡಿದರು. ಆಮೇಲೆ ಮೆಲ್ಲಗೆ, “ನಾ ಹಾಡಿದ್ದು ಬರಲೇ ಇಲ್ಲಲ್ಲ?” ಎಂದರು.

ಮರುದಿನ ಉಡುಗೊರೆಗಳನ್ನು ಕತ್ತರಿಸಿ, ಹಾಡನ್ನು ಪೂರ್ತಿ ಸೇರಿಸಿ ಇನ್ನೊಂದು ಡಿಸ್ಕ್ ಸುಟ್ಟೆ. ಈಗ ಕೈಗೆ ಸಿಕ್ಕಿದ್ದು ಅದೇ. ಮೂಲ ಫೈಲುಗಳು ಹಾರ್ಡ್ ಡಿಸ್ಕಿನೊಡನೆ ಯಾವಾಗಲೋ ಹೋದವು. ಅಜ್ಜಿಯೂ ಇಲ್ಲ.

ಅಂಗಡಿಯ ಸಿನಿಮಾ ಡಿಸ್ಕುಗಳಲ್ಲಿ ಗುರುತುಗಳನ್ನು ಅಚ್ಚೊತ್ತಿರುತ್ತಾರೆ. ಮನೆಯಲ್ಲಿ ಸುಟ್ಟದ್ದರಲ್ಲಿ ಬಣ್ಣದ ತೆಳು ಪದರವಿರುತ್ತದೆ. ಕೆಂಪು ಲೇಸರು ಅದನ್ನು ಕಾಯಿಸಿ ಗುರುತು ಮಾಡುತ್ತದೆ. ಬಿಸಿಲು, ಸೆಕೆ, ತೇವಕ್ಕೆ ಆ ಪದರ ಕೆಡುತ್ತದೆ. ಮುಂಬೈಯ ಇಷ್ಟು ಮಳೆಗಾಲಗಳನ್ನು ಅದು ಕಂಡಿದೆ. ಎಂ.ಟೆಕ್.ನಲ್ಲಿ ವಿಡಿಯೋ ಕಂಪ್ರೆಷನ್ ಓದಿದವಳಿಗೆ ಒಂದು ಪ್ರತಿ ತೆಗೆದಿಡಬೇಕೆಂದು ಹೊಳೆಯಲಿಲ್ಲ ನೋಡಿ!

ನನ್ನ ಲ್ಯಾಪ್‌ಟಾಪಿಗೆ ಡ್ರೈವೇ ಇಲ್ಲ. ಪಕ್ಕದ ಮನೆಯವರ ಯುಎಸ್‌ಬಿ ಡ್ರೈವ್ ಕೇಳಿ ತಂದು, ಮತ್ತೆ ಮತ್ತೆ ಓದಿಸಿ, ಎಂಪಿ4 ಮಾಡಿಕೊಂಡೆ. ಅರಿಶಿಣದ ದಿನದ ಅಜ್ಜಿಯ ದನಿ ಸ್ಪಷ್ಟವಾಗಿದೆ. ಮೂರನೇ ನುಡಿಗೆ ಬಂದಾಗ ಚಿತ್ರ ಒಡೆದು ದನಿ ಕಡಿದುಹೋಗುತ್ತದೆ. ಆ ಸಾಲುಗಳು ಅತ್ತೆಗೆ ಬಾಯಿಪಾಠ ಬರುತ್ತವಂತೆ. ಸಂಕ್ರಾಂತಿಗೆ ಊರಿಗೆ ಹೋದಾಗ ಬರೆದುಕೊಂಡು ಬರಬೇಕು.