ಗುಬ್ಬಿ ಕಂಪನಿ ಎಂಬ ಪಾಠಶಾಲೆ

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವು ಊರೂರು ತಿರುಗಿ ಕ್ಯಾಂಪು ಹಾಕುತ್ತಿತ್ತು. ಬಾಲನಟರಾಗಿ ಸೇರಿದ ವೀರಣ್ಣನವರೇ ಮುಂದೆ ಅದರ ಒಡೆಯರಾದರು. ಅವರ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆಗಳೇ ಬರುತ್ತಿದ್ದವು. ಜನ ಇಂದಿಗೂ ಆ ಆನೆಯನ್ನೇ ನೆನೆಯುತ್ತಾರೆ. ನನಗೆ ದೊಡ್ಡದೆನಿಸುವುದು ಬೇರೆ. ಹೆಣ್ಣಿನ ಪಾತ್ರಗಳನ್ನು ಹೆಚ್ಚಾಗಿ ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಬಿ. ಜಯಮ್ಮನವರಂಥ ನಟಿಯರು ಅಲ್ಲಿ ಬೆಳಗಿದರು. ಶಾಲೆಯನ್ನು ಎಳವೆಯಲ್ಲೇ ಬಿಟ್ಟ ಮುತ್ತುರಾಜ್ ಎಂಬ ಹುಡುಗ (ಶಾಲೆಯ ಸಂಚಿಕೆಯಲ್ಲಿ ಹೇಳಲು ತುಸು ಸಂಕೋಚವೇ!) ತಂದೆ ಪುಟ್ಟಸ್ವಾಮಯ್ಯನವರ ಜೊತೆ ಅಲ್ಲಿ ಮಾತು, ಹಾಡು, ಅಭಿನಯ ಕಲಿತರು. 1954ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರದ ನಾಯಕರಾಗಿ ರಾಜಕುಮಾರ್ ಎನಿಸಿಕೊಂಡರು. ಅಲ್ಪಪ್ರಾಣ, ಮಹಾಪ್ರಾಣಗಳ ವ್ಯತ್ಯಾಸವನ್ನು ಓದು ಬಾರದ ಎಷ್ಟೋ ಮಂದಿ ತಿಳಿದದ್ದು ಅವರ ಬಾಯಿಂದಲೇ.