ಸ್ಲೇನ್ ಊರಿನ ವಿಧವೆಯ ಮಗ

ಐರ್ಲೆಂಡಿನ ಮೀದ್ ಜಿಲ್ಲೆಯಲ್ಲಿ, ಬಾಯ್ನ್ ನದಿಯ ದಡದ ಮೇಲೆ ಸ್ಲೇನ್ ಎಂಬ ಪುಟ್ಟ ಊರಿದೆ. ಐದನೆಯ ಶತಮಾನದಲ್ಲಿ ಸಂತ ಪ್ಯಾಟ್ರಿಕ್ಕರು ಅರಸನ ಆಜ್ಞೆಗೆ ಅಂಜದೆ ಪಾಸ್ಖದ ಬೆಂಕಿ ಹೊತ್ತಿಸಿದ್ದು ಈ ಊರಿನ ಗುಡ್ಡದ ಮೇಲೆ ಎಂಬುದು ಅಲ್ಲಿನವರ ನಂಬಿಕೆ. ಅದೇ ಊರಿನಲ್ಲಿ 1887ರ ಆಗಸ್ಟ್ 19ರಂದು ಒಂದು ಬಡ ಕಥೋಲಿಕ ಕುಟುಂಬದಲ್ಲಿ ಫ್ರಾನ್ಸಿಸ್ ಲೆಡ್ವಿಜ್ ಹುಟ್ಟಿದ. ಒಂಬತ್ತು ಮಕ್ಕಳಲ್ಲಿ ಅವನು ಎಂಟನೆಯವನು.

ಫ್ರಾನ್ಸಿಸ್‌ಗೆ ಐದು ವರ್ಷವಾಗಿದ್ದಾಗ ತಂದೆ ಪ್ಯಾಟ್ರಿಕ್ ತೀರಿಕೊಂಡರು. ಕಿರಿಯವನಾದ ಜೋ ಇನ್ನೂ ಹಸುಗೂಸು. ತಾಯಿ ಆನ್ ಕೈಕಟ್ಟಿ ಕೂರಲಿಲ್ಲ. ಹಗಲೆಲ್ಲ ಪರರ ಹೊಲದಲ್ಲಿ ಕೂಲಿ ಮಾಡಿ, ಬೇರೆಯವರ ಮನೆಗೆಲಸ ಮಾಡಿ ಮಕ್ಕಳ ಹೊಟ್ಟೆ ತುಂಬಿಸಿದರು. ಹಿರಿಯ ಮಗ ದುಡಿದು ನೆರವಾಗಬೇಕು ಎನ್ನುವಷ್ಟರಲ್ಲಿ ಕ್ಷಯರೋಗ ಹಿಡಿದು ಮನೆಗೆ ಬಂದ, ಹಾಸಿಗೆ ಹಿಡಿದ, ತೀರಿಕೊಂಡ. ಇಷ್ಟಾದರೂ ಆ ತಾಯಿ ಮನೆಯಲ್ಲಿ ಪ್ರಾರ್ಥನೆಯನ್ನಾಗಲಿ, ಮಕ್ಕಳ ಮೇಲಿನ ಮಮತೆಯನ್ನಾಗಲಿ ಕಡಿಮೆ ಮಾಡಲಿಲ್ಲ.

ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟ ಫ್ರಾನ್ಸಿಸ್ ಹೊಲದಲ್ಲಿ ದುಡಿದ, ರಸ್ತೆಗೆ ಕಲ್ಲು ಹಾಕಿದ, ತಾಮ್ರದ ಗಣಿಗೆ ಇಳಿದ. ಡಬ್ಲಿನ್ ಬಳಿಯ ಒಂದು ದಿನಸಿ ಅಂಗಡಿಯಲ್ಲಿ ಕೆಲಸ ಕಲಿಯಲೆಂದು ಹೋದವನು ಊರಿನ ನೆನಪು ತಡೆಯಲಾರದೆ ರಾತ್ರಿಯಿಡೀ ನಡೆದು ತಾಯಿಯ ಮನೆ ಸೇರಿದ. ಗಣಿಯಲ್ಲಿ ಕೂಲಿಗಳ ಪರವಾಗಿ ಮುಷ್ಕರ ಹೂಡಿದ್ದಕ್ಕೆ 1910ರಲ್ಲಿ ಕೆಲಸ ಕಳೆದುಕೊಂಡ. ಇದೆಲ್ಲದರ ನಡುವೆ ಹಕ್ಕಿ, ಹೊಲ, ನದಿಗಳ ಮೇಲೆ ಕವಿತೆ ಬರೆಯುತ್ತಿದ್ದ. ಅವುಗಳನ್ನು ಓದಿದ ನೆರೆಯ ಜಮೀನ್ದಾರ, ಲೇಖಕ ಲಾರ್ಡ್ ಡನ್ಸೇನಿ ಅವನ ಕೈಹಿಡಿದು ಪುಸ್ತಕ ಹೊರಬರಲು ನೆರವಾದರು.

1914ರಲ್ಲಿ ಮಹಾಯುದ್ಧ ಬಂತು. ಐರ್ಲೆಂಡ್ ಆಗ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ನಾಯಕ ಜಾನ್ ರೆಡ್ಮಂಡ್ ಬ್ರಿಟಿಷ್ ಸೇನೆ ಸೇರಿರೆಂದು ಕರೆಕೊಟ್ಟಾಗ ದೇಶಪ್ರೇಮಿಗಳು ಎರಡು ಗುಂಪಾದರು. ಫ್ರಾನ್ಸಿಸ್ ಮೊದಲು ಆ ಕರೆಯನ್ನು ವಿರೋಧಿಸಿದ. ಅದಕ್ಕಾಗಿ ನಿಂದೆಯನ್ನೂ ಕೇಳಿದ. ಆದರೆ ಅಕ್ಟೋಬರ್ 24ರಂದು ತಾನೇ ಸೇನೆಗೆ ಸೇರಿದ. ಸಮಾನ ಶತ್ರುವಿನ ಎದುರು ಇಂಗ್ಲೆಂಡ್ ನಿಂತಿರುವಾಗ ಐರಿಷರು ಬರೀ ಗೊತ್ತುವಳಿ ಮಂಡಿಸುತ್ತ ಮನೆಯಲ್ಲಿ ಕುಳಿತರು ಎಂಬ ಮಾತು ಬರಬಾರದು ಎಂಬುದು ಅವನು ಕೊಟ್ಟ ಕಾರಣ.

ಗಲ್ಲಿಪೋಲಿಯ ಬಿಸಿಲು, ಸರ್ಬಿಯದ ಹಿಮ ಎರಡನ್ನೂ ಅವನು ಉಂಡ. ಕಾಯಿಲೆ ಬಿದ್ದು ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿದ್ದಾಗ 1916ರ ಪಾಸ್ಖದ ಸೋಮವಾರ ಡಬ್ಲಿನ್ನಿನಲ್ಲಿ ದಂಗೆ ಎದ್ದ ಸುದ್ದಿ ಬಂತು. ಮೇ 3ರಂದು ಅವನ ಗೆಳೆಯ, ಕವಿ ಥಾಮಸ್ ಮ್ಯಾಕ್‌ಡೊನಾ ಅವರನ್ನು ಬ್ರಿಟಿಷರು ಗುಂಡಿಟ್ಟು ಕೊಂದರು. ಗೆಳೆಯನನ್ನು ಕೊಂದವರ ಸಮವಸ್ತ್ರವೇ ತನ್ನ ಮೈಮೇಲಿತ್ತು! ಆ ಸಂಕಟದಲ್ಲಿ ಬರೆದ ಶೋಕಗೀತೆಯಿಂದಲೇ ಇಂದು ಬಹಳ ಮಂದಿ ಅವನನ್ನು ಬಲ್ಲರು. ರಜೆ ಮೀರಿ ಊರಿನಲ್ಲಿ ಉಳಿದು, ಮೇಲಧಿಕಾರಿಗೆ ಎದುರಾಡಿ ಶಿಕ್ಷೆಗೂ ಗುರಿಯಾದ. ಆದರೂ ಮತ್ತೆ ರಣರಂಗಕ್ಕೆ ಹೊರಟ.

1917ರ ಜುಲೈ 31. ಬೆಲ್ಜಿಯಮ್ಮಿನ ಈಪರ್ ಪಟ್ಟಣದ ಬಳಿ ಮೂರನೆಯ ಮಹಾಕದನ ಆರಂಭವಾದ ದಿನ. ಬೋಯೆಸಿಂಗೆ ಎಂಬಲ್ಲಿ ಫ್ರಾನ್ಸಿಸ್ ಮತ್ತು ಸಂಗಡಿಗರು ಕೆಸರಿನಲ್ಲಿ ರಸ್ತೆ ಮಾಡುತ್ತಿದ್ದರು. ಊರಿನಲ್ಲಿ ಮಾಡುತ್ತಿದ್ದ ಅದೇ ಕೆಲಸ. ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿ ಚಹಾ ಕುಡಿಯುತ್ತಿದ್ದಾಗ ಫಿರಂಗಿಯ ಗುಂಡು ಬಿದ್ದು ಸಿಡಿಯಿತು. ಅವನಿಗಿನ್ನೂ 29 ವರ್ಷ. ಹಿಂದಿನ ದಿನ ಅವನು ಪಾಪನಿವೇದನೆ ಮಾಡಿದ್ದ. ಅಂದು ಬೆಳಿಗ್ಗೆ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸಿದ್ದ. ಇದನ್ನು ಸೇನೆಯ ಗುರು ಫಾದರ್ ದೇವಾಸ್ ತಮ್ಮ ದಿನಚರಿಯಲ್ಲಿ ಬರೆದಿಟ್ಟರು. ಲೋಕದ ಹೊಗಳಿಕೆ ನಿಮ್ಮ ಮಗನನ್ನು ಕೆಡಿಸುವ ಮೊದಲೇ ದೇವರು ಕರೆದುಕೊಂಡರು ಎಂಬರ್ಥದ ಸಾಂತ್ವನದ ಪತ್ರವನ್ನೂ ತಾಯಿಗೆ ಬರೆದರು.

ನಾಯಿನ್ ಊರಿನ ವಿಧವೆಗೆ ಮಗ ಜೀವಂತನಾಗಿ ಮರಳಿ ಸಿಕ್ಕಿದ. ಸ್ಲೇನ್ ಊರಿನ ವಿಧವೆಗೆ ಸಿಕ್ಕಿದ್ದು ಒಂದು ಪತ್ರ. ಗಂಡನನ್ನು, ಹಿರಿಯ ಮಗನನ್ನು ಕಳೆದುಕೊಂಡಿದ್ದ ಆ ತಾಯಿಗೆ ಫ್ರಾನ್ಸಿಸನ ಸಮಾಧಿಯೂ ಪರದೇಶದ ಮಣ್ಣಿನಲ್ಲಿ. ಬೋಯೆಸಿಂಗೆಯ ಆರ್ಟಿಲರಿ ವುಡ್ ಸ್ಮಶಾನದಲ್ಲಿ ಅವನು ಮಲಗಿದ್ದಾನೆ. ಅದೇ ದಿನ ಮಡಿದ ವೇಲ್ಸಿನ ಕವಿ ಹೆಡ್ ವಿನ್ ಸಮಾಧಿಯೂ ಅಲ್ಲಿಯೇ ಇದೆ.

ಆ ಯುದ್ಧದಲ್ಲಿ ಸುಮಾರು 2 ಲಕ್ಷ ಐರಿಷರು ಬ್ರಿಟಿಷ್ ಸೇನೆಯಲ್ಲಿದ್ದರು. ಹತ್ತಾರು ಸಾವಿರ ಮಂದಿ ಮರಳಲಿಲ್ಲ. ದೇಶ ಸ್ವತಂತ್ರವಾದ ಮೇಲೆ ಅವರ ಹೆಸರೆತ್ತುವುದೇ ಹಲವರಿಗೆ ಮುಜುಗರವಾಯಿತು. ದಂಗೆಯಲ್ಲಿ ಮಡಿದವರು ವೀರರು. ಪರರ ಸಮವಸ್ತ್ರದಲ್ಲಿ ಮಡಿದವರು ಯಾರಿಗೂ ಬೇಡವಾದವರು. ಅವರ ತಾಯಂದಿರ ಕಣ್ಣೀರು ಮಾತ್ರ ಎರಡೂ ಕಡೆ ಒಂದೇ ಆಗಿತ್ತು. ಮೌನ ಮುರಿಯಲು ದಶಕಗಳೇ ಬೇಕಾದವು. 1962ರಲ್ಲಿ ಸ್ಲೇನ್ ಸೇತುವೆಯ ಮೇಲೆ ಫ್ರಾನ್ಸಿಸನ ಸ್ಮಾರಕ ಫಲಕ ಬಂತು. ಆ ತಾಯಿಯ ಚಿಕ್ಕ ಮನೆ ಈಗ ವಸ್ತುಸಂಗ್ರಹಾಲಯ. 1998ರ ನವೆಂಬರ್ 11ರಂದು ಬೆಲ್ಜಿಯಮ್ಮಿನ ಮೆಸಿನ್ಸ್‌ನಲ್ಲಿ ಐರ್ಲೆಂಡಿನ ಅಧ್ಯಕ್ಷೆ ಮೇರಿ ಮೆಕ್ಅಲೀಸ್ ಮತ್ತು ರಾಣಿ ಎಲಿಜಬೆತ್ ಅಕ್ಕಪಕ್ಕ ನಿಂತು ಶಾಂತಿವನವನ್ನು ಉದ್ಘಾಟಿಸಿದರು.

ಪ್ರಿಯ ಓದುಗರೇ, ನವೆಂಬರ್ ತಿಂಗಳಲ್ಲಿ ನಾವು ನಮ್ಮ ಮೃತರ ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತೇವೆ. ನಮ್ಮ ಕುಟುಂಬಗಳಲ್ಲೂ ಹೆಸರೆತ್ತದೆ ಬಿಟ್ಟವರು ಇರಬಹುದು: ಮನೆ ಬಿಟ್ಟು ಹೋದವರು, ಜಗಳವಾಡಿ ಬೇರೆಯಾದವರು, ನಮಗೆ ಒಪ್ಪದ ದಾರಿ ಹಿಡಿದವರು. ಅವರಿಗೂ ಒಬ್ಬ ತಾಯಿ ಇದ್ದಳು. ಈ ಸಲ ಅವರ ಹೆಸರಿನಲ್ಲೂ ಒಂದು ಮೇಣದಬತ್ತಿ ಹಚ್ಚೋಣ.