ಮಡಕೆಯಿಂದ ವಿಮಾನದವರೆಗೆ: ಒಡೆಯದೆ ನೋಡುವ ವಿದ್ಯೆ



ಬೆಸಗರಹಳ್ಳಿಯಂಥ ಊರಿನಲ್ಲಿ ಮಡಕೆ ಕೊಳ್ಳುವ ಅಜ್ಜಿಯನ್ನು ನೀವು ಗಮನಿಸಿರಬಹುದು. ದುಡ್ಡು ಕೊಡುವ ಮೊದಲು ಆಕೆ ಬೆರಳ ಗೆಣ್ಣಿನಿಂದ ಮಡಕೆಯನ್ನು ತಟ್ಟುತ್ತಾಳೆ. ಖಣ್ ಎಂದರೆ ಗಟ್ಟಿ. ಸದ್ದು ಒಡಕಾದರೆ ಎಲ್ಲೋ ಬಿರುಕಿದೆ. ಮಡಕೆಯನ್ನು ಒಡೆದು ನೋಡಿದರೂ ಅದರ ಗುಣ ತಿಳಿಯುತ್ತದೆ. ಆದರೆ ಮಡಕೆ ಉಳಿಯುವುದಿಲ್ಲ. ವಸ್ತುವನ್ನು ಕೆಡಿಸದೆ ಒಳಗಿನ ದೋಷವನ್ನು ಅರಿಯುವ ಈ ವಿದ್ಯೆಗೆ ಅವಿನಾಶಕ ಪರೀಕ್ಷೆ ಎಂದು ಹೆಸರು.

ಕಿವಿಗೆ ಕೇಳದ ಶ್ರವಣಾತೀತ ಧ್ವನಿಯಿಂದ ಲೋಹದೊಳಗಿನ ದೋಷವನ್ನು ಹುಡುಕಬಹುದೆಂದು 1928ರಲ್ಲಿ ಸೋವಿಯತ್ ವಿಜ್ಞಾನಿ ಸೊಕೊಲೋವ್ ಸೂಚಿಸಿದರು. ದೋಷದಿಂದ ಹಿಂದಿರುಗುವ ಪ್ರತಿಧ್ವನಿಯನ್ನು ಗುರುತಿಸುವ ಉಪಕರಣಕ್ಕೆ 1942ರಲ್ಲಿ ಅಮೆರಿಕದ ಫೈರ್‌ಸ್ಟೋನ್ ಪೇಟೆಂಟ್ ಪಡೆದರು. ಆಗ ವಿಮಾನವೆಂದರೆ ಬಹುಮಟ್ಟಿಗೆ ಅಲ್ಯೂಮಿನಿಯಂ.

ಮುಂದೆ ಕಾಂಪೋಸಿಟ್ ವಸ್ತುಗಳು ಬಂದವು. ಇಂಗಾಲದ ಅಥವಾ ಗಾಜಿನ ಎಳೆಗಳನ್ನು ರಾಳದಲ್ಲಿ ನೆನೆಸಿ, ಪದರದ ಮೇಲೆ ಪದರವಿಟ್ಟು, ಶಾಖ ಮತ್ತು ಒತ್ತಡದಿಂದ ಗಟ್ಟಿಗೊಳಿಸಿದ ವಸ್ತುವಿದು. ಹಗುರ, ಆದರೂ ಬಲಿಷ್ಠ. ಆದರೆ ಒಂದು ತೊಡಕಿದೆ. ಲೋಹಕ್ಕೆ ಪೆಟ್ಟು ಬಿದ್ದರೆ ತಗ್ಗು ಕಾಣುತ್ತದೆ. ಕಾಂಪೋಸಿಟ್‌ಗೆ ಪೆಟ್ಟು ಬಿದ್ದಾಗ ಹೊರಮೈ ನುಣ್ಣಗೇ ಇದ್ದು, ಒಳಗೆ ಪದರಗಳು ಬಿಟ್ಟುಕೊಂಡಿರಬಹುದು.

ಈ ಸಮಸ್ಯೆ ನಮಗೆ ದೂರದ್ದಲ್ಲ. ಮದ್ದೂರಿನಿಂದ ಸುಮಾರು 80 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವಿದೆ. ಅಲ್ಲಿ ರೂಪುಗೊಂಡ ಕಾಂಪೋಸಿಟ್ ತರಬೇತಿ ವಿಮಾನ ಹಂಸ 1993ರಲ್ಲಿ ಮೊದಲು ಹಾರಿತು. 2001ರ ಜನವರಿ 4ರಂದು ಬೆಂಗಳೂರಿನಲ್ಲೇ ಮೊದಲು ಹಾರಿದ, ಮುಂದೆ ತೇಜಸ್ ಎಂದು ಹೆಸರಾದ ಯುದ್ಧವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು ಶೇಕಡ 45 ಭಾಗ ಕಾಂಪೋಸಿಟ್. ಅದರ ಬಾಲದ ನೆಟ್ಟಗಿನ ರೆಕ್ಕೆಯನ್ನು ರೂಪಿಸಿದ್ದು ಇದೇ ಪ್ರಯೋಗಾಲಯ.

ಇಂಥ ಭಾಗಗಳನ್ನು ನೋಡುವ ಮುಖ್ಯ ವಿಧಾನ ಸಿ-ಸ್ಕ್ಯಾನ್. ನಮ್ಮ ಕಿವಿಯ ಮಿತಿ ಸೆಕೆಂಡಿಗೆ 20,000 ಕಂಪನ. ಇಲ್ಲಿ ಬಳಸುವುದು ಸಾಮಾನ್ಯವಾಗಿ 10 ಲಕ್ಷದಿಂದ 50 ಲಕ್ಷ ಕಂಪನ. ಈ ಧ್ವನಿ ಗಾಳಿಯನ್ನು ಸುಲಭವಾಗಿ ದಾಟದು. ಆದ್ದರಿಂದ ನೀರಿನ ಧಾರೆಯ ಮೂಲಕ ಅದನ್ನು ವಸ್ತುವಿಗೆ ಕಳುಹಿಸುತ್ತಾರೆ. ಪದರ ಬಿಟ್ಟ ಕಡೆ ಗಾಳಿಯ ತೆಳು ಸಂದಿಯಿದ್ದರೆ ಧ್ವನಿ ಅಲ್ಲಿಂದಲೇ ಹಿಂದಿರುಗುತ್ತದೆ. ಇಂಚಿಂಚೂ ಹೀಗೆ ಅಳೆದಾಗ ಪರದೆಯ ಮೇಲೆ ನಕ್ಷೆ ಮೂಡುತ್ತದೆ. ದೃಶ್ಯಮಾಧ್ಯಮದಲ್ಲಿ ದುಡಿಯುವ ನನಗೆ, ಸದ್ದೇ ಚಿತ್ರವಾಗುವ ಈ ಬಗೆ ಸೋಜಿಗ.

ಬರಿಯ ತಟ್ಟುವಿಕೆ ಸಾಲದೇ? 2005ರ ಮಾರ್ಚ್ 6ರಂದು ಕ್ಯೂಬಾದಿಂದ ಕೆನಡಾಕ್ಕೆ ಹೊರಟಿದ್ದ ಏರ್ ಟ್ರಾನ್ಸಾಟ್ ವಿಮಾನದ ಕಾಂಪೋಸಿಟ್ ಚುಕ್ಕಾಣಿ ಆಕಾಶದಲ್ಲೇ ಕಳಚಿಹೋಯಿತು. ವಿಮಾನ ಹೇಗೋ ಹಿಂದಿರುಗಿ ಇಳಿಯಿತು. ಅದರಲ್ಲಿದ್ದ ಸುಮಾರು 270 ಮಂದಿಯೂ ಬದುಕಿದರು. ಹಾರುವ ಮೊದಲೇ ಒಳಗೆ ಬೆಸುಗೆ ಬಿಟ್ಟಿರಬೇಕು ಇಲ್ಲವೇ ತಿರುಳು ಬಿರಿದಿರಬೇಕು ಎಂದಿತು ತನಿಖೆ. ಕಣ್ಣಿನಿಂದ ನೋಡುವ, ಅಲ್ಲಲ್ಲಿ ತಟ್ಟಿ ಕೇಳುವ ಅಂದಿನ ತಪಾಸಣಾ ಕ್ರಮ ಅಂಥ ಎಲ್ಲ ದೋಷಗಳನ್ನೂ ಹಿಡಿಯಲು ಸಾಲದೆಂದೂ ತಿಳಿಸಿತು.

ತಟ್ಟುವ ಪರೀಕ್ಷೆಯನ್ನು ಇಂದಿಗೂ ಕೈಬಿಟ್ಟಿಲ್ಲ. ಸಿ-ಸ್ಕ್ಯಾನ್ ಅದರ ಜೊತೆಗೆ ನಿಂತಿದೆ. ಕಿವಿ ಕೇಳಿದ್ದನ್ನು ಮರೆಯಬಹುದು. ನಕ್ಷೆಯನ್ನು ಮುಂದಿನ ವರ್ಷದ ನಕ್ಷೆಯೊಡನೆ ಹೋಲಿಸಬಹುದು. ನೀವೂ ಮನೆಯಲ್ಲಿ ಒಂದು ಗಟ್ಟಿ ಮಡಕೆ, ಒಂದು ಬಿರುಕು ಮಡಕೆ ತಟ್ಟಿ ಕೇಳಿ. ಸದ್ದಿನ ವ್ಯತ್ಯಾಸ ಏಕೆಂದು ನಿಮ್ಮ ಭೌತಶಾಸ್ತ್ರದ ಮೇಷ್ಟ್ರನ್ನು ವಿಚಾರಿಸಿ.